ಮೌಲಾಬಿ ಒಡೆದ ಹಸಿರು ಬಳೆ

ಗುಡೂರಿನಲ್ಲಿ ಈಗ ಮೌಲಾಬಿ ಯಾರು ಎಂದು ಕೇಳಿದರೆ ಒಂದೇ ಉತ್ತರ ಬರುತ್ತದೆ: ಮದುಮಗಳ ಕೈಯ ಹಸಿರು ಬಳೆ ಒಡೆದವಳು. ನಲವತ್ತು ವರ್ಷ ಈ ಊರಿನ ಹೆಂಗಸರ ಕೈಗೆ ಬಳೆ ಇಟ್ಟವಳು ಎಂದು ಯಾರೂ ಹೇಳುವುದಿಲ್ಲ. ಜನರ ನೆನಪು ಗೇಣುದ್ದ, ನಾಲಿಗೆ ಮಾರುದ್ದ. ನಾನು ಇದೇ ಊರಿನ ಕನ್ನಡ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಲಿಸುತ್ತಿದ್ದೇನೆ. ಮಕ್ಕಳ ತಪ್ಪು ತಿದ್ದಿ ತಿದ್ದಿ, ಯಾರಾದರೂ ಅರ್ಧ ಮಾತು ಹೇಳಿದರೆ ಉಳಿದರ್ಧ ಹೇಳದೆ ನನಗೆ ನಿದ್ದೆ ಬರುವುದಿಲ್ಲ. ಆ ದಿನ ಆ ಮನೆಯಲ್ಲಿ ನಾನೂ ಇದ್ದೆ.

ಮೌಲಾಬಿಯ ತವರು ಇಳಕಲ್. ಹದಿನೇಳಕ್ಕೆ ಗುಡೂರಿನ ಮುರ್ತುಜಸಾಬನನ್ನು ಮದುವೆಯಾಗಿ ಬಂದಳು. ಮುರ್ತುಜಸಾಬ ಬಳೆಗಾರರ ಮನೆತನದವನು, ಆದರೆ ವಿಪರೀತ ನಾಚಿಕೆಯ ಮನುಷ್ಯ. ಹೆಂಗಸರ ಕೈ ಹಿಡಿಯಬೇಕೆಂದರೆ ಹಣೆಯ ಮೇಲೆ ಬೆವರು. ಹೀಗಾಗಿ ಮದುವೆಯಾದ ವರ್ಷವೇ ಕಸುಬು ಹೆಂಡತಿಯ ಕೈಗೆ ಬಂತು. ಅವನು ಸೈಕಲ್ಲಿನ ಮೇಲೆ ಬಳೆಯ ಪೆಟ್ಟಿಗೆ ಹೊತ್ತು ತಂದು ಕಟ್ಟೆಯ ಮೇಲೆ ಇಳಿಸಿ, ದೂರದ ಬೇವಿನ ಮರದ ಕೆಳಗೆ ಬೀಡಿ ಸೇದುತ್ತ ಕೂಡುವನು. ಇವಳು ಒಳಗೆ ಕುಳಿತು ಕೈ ಹಿಡಿಯುವಳು. ಮಕ್ಕಳಾಗಲಿಲ್ಲ. ಹತ್ತು ವರ್ಷದ ಹಿಂದೆ ಮುರ್ತುಜಸಾಬ ಹೋದ ಮೇಲೆ ಅವಳು ಪೆಟ್ಟಿಗೆ ಬಿಟ್ಟು ಬಟ್ಟೆಯ ಗಂಟು ಹಿಡಿದಳು, ಹೊರುವುದು ಹಗುರವೆಂದು.

ಗಂಡ ಸತ್ತವಳನ್ನು ಶುಭಕಾರ್ಯಕ್ಕೆ ಮುಂದೆ ಬಿಟ್ಟುಕೊಳ್ಳದ ನಮ್ಮ ಜನ, ಮೌಲಾಬಿಯ ಮಟ್ಟಿಗೆ ಆ ನೇಮ ಸಡಿಲಿಸಿದ್ದರು. ಬಳೆ ಇಡುವವಳಿಗೆ ಅದೆಲ್ಲ ಇಲ್ಲ ಎನ್ನುತ್ತಿದ್ದರು. ಅವಳ ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ, ಆದರೂ ಮದುಮಗಳು ಬಳೆ ಇಡಿಸಿಕೊಂಡ ಮೇಲೆ ಅವಳ ಕಾಲಿಗೆ ಬೀಳುತ್ತಿದ್ದಳು. ನಮ್ಮ ಸ್ವಾಮಿಗಳ ಕಾಲಿಗೆ ಬಿದ್ದಷ್ಟೇ ಭಕ್ತಿಯಿಂದ. ನನಗೆ ಇದು ಊರಿನ ದೊಡ್ಡ ಗುಣವೆಂದು ಅಭಿಮಾನವಿತ್ತು. ಎಷ್ಟು ತೆಳುವಾದ ಗುಣ ಎಂದು ಆಗ ತಿಳಿದಿರಲಿಲ್ಲ.

ಅವಳು ಕೈ ನೋಡುತ್ತಿರಲಿಲ್ಲ, ಹಿಡಿದು ಹಿಚುಕುತ್ತಿದ್ದಳು. ನಾಲ್ಕು ಬೆರಳು ಕೂಡಿಸಿ, ಹೆಬ್ಬೆರಳ ಬುಡವನ್ನು ಒಳಗೆ ಮಡಚಿ, ಏನೋ ಒಂದು ಚೇಷ್ಟೆಯ ಮಾತು ಆಡುವಳು. ನಾವು ನಗುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು. ಬಳೆ ಸಡಿಲಾಗಿ ಜೋತಾಡಿದರೆ ಅವಳಿಗೆ ಅವಮಾನ. ಅದರಲ್ಲೂ ಮದುಮಗಳ ಬಳೆ ತಾನಾಗಿ ಎಂದೂ ಕಳಚಬಾರದು, ಚರ್ಮ ಕಚ್ಚಿ ಹಿಡಿದಿರಬೇಕು. ಸೋಪು ಹಚ್ಚಿದರೂ ಬಾರದಂಥ ಬಳೆ ಇಡುತ್ತೇನೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಬಲಗೈಗೆ ಹನ್ನೆರಡು, ಎಡಗೈಗೆ ಹದಿಮೂರು. ಆ ಒಂದು ಹೆಚ್ಚಿನ ಬಳೆ ಮೌಲಾಬಿಯ ಕಡೆಯಿಂದ.

ಇನ್ನು ಶೀಲಾಳ ವಿಷಯ. ನಮ್ಮ ಓಣಿಯ ಅಮಾತೆಪ್ಪ, ಸಿದ್ದಲಿಂಗವ್ವ ಇವರ ಒಬ್ಬಳೇ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ. ರಾಮಥಾಳದ ಪ್ರವೀಣಕುಮಾರನ ಜೊತೆ ನಿಶ್ಚಯವಾಗಿತ್ತು. ಹುಡುಗ ಮರೋಳದ ಏತ ನೀರಾವರಿಯ ಪಂಪ್‌ಹೌಸಿನಲ್ಲಿ ಆಪರೇಟರ್. ನಿಶ್ಚಯವಾದ ಮೂರು ತಿಂಗಳಿಗೆ ಹುಡುಗಿಯ ಕಾಲು ಊದಿದವು, ಮುಖ ಊದಿತು. ಬಾಗಲಕೋಟೆಗೆ ಒಯ್ದರೆ ಎರಡೂ ಕಿಡ್ನಿ ಹೋಗಿವೆ ಎಂದರು. ಇಪ್ಪತ್ತನಾಲ್ಕು ವರ್ಷದ ಹುಡುಗಿ. ಅಮಾತೆಪ್ಪ ಮರ್ಯಾದಸ್ಥ. ನಿಶ್ಚಯದ ಸೀರೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ತಾನೇ ರಾಮಥಾಳಕ್ಕೆ ಹೋದ. ಪ್ರವೀಣಕುಮಾರ ಚೀಲ ಮುಟ್ಟಲಿಲ್ಲವಂತೆ.

"ಸೀರಿ ನಿಮ್ಮ ಮಗಳಿಗೆ ಕೊಟ್ಟದ್ದರಿ ಮಾವಾ. ಆಕಿ ಆರೋಗ್ಯಕ್ಕ ಕೊಟ್ಟದ್ದಲ್ಲ," ಎಂದನಂತೆ.

ಮಾತು ಆಡುವುದು ಸುಲಭ, ಎಷ್ಟು ದಿನ ನಡೆಸುತ್ತಾನೋ ನೋಡೋಣ ಎಂದು ಸುದ್ದಿ ಗೊತ್ತಿದ್ದ ಮೂರ್ನಾಲ್ಕು ಮನೆಯವರ ಜೊತೆ ನಾನೂ ಅಂದುಕೊಂಡೆ. ಅವನು ಒಂದು ವರ್ಷ ನಡೆಸಿದ. ಸೋಮವಾರ, ಗುರುವಾರ ಹುನಗುಂದದ ದವಾಖಾನೆಯಲ್ಲಿ ಶೀಲಾಳಿಗೆ ಡಯಾಲಿಸಿಸ್. ಪಾಳಿ ಇಲ್ಲದ ದಿನ ಮೋಟರ್‌ಸೈಕಲ್ ಮೇಲೆ ಬಂದು ಹೊರಗಿನ ಬೆಂಚಿನ ಮೇಲೆ ಕೂಡುತ್ತಿದ್ದ. ಅವಳ ಎಡಗೈಯ ಮಣಿಕಟ್ಟಿನ ಮೇಲೆ ಬಾಗಲಕೋಟೆಯಲ್ಲಿ ಸಣ್ಣ ಆಪರೇಶನ್ ಮಾಡಿ ಎರಡು ರಕ್ತನಾಳ ಜೋಡಿಸಿದ್ದರು. ಯಂತ್ರಕ್ಕೆ ರಕ್ತ ಹೋಗಿ ಬರುವ ದಾರಿ ಅದೇ. ಅಲ್ಲಿ ಬೆರಳಿಟ್ಟರೆ ಚರ್ಮದ ಕೆಳಗೆ ರಕ್ತ ಗುಂಯ್ ಎಂದು ಹರಿಯುವುದು ತಿಳಿಯುತ್ತಿತ್ತು. ಪ್ರವೀಣಕುಮಾರ ಬಂದಾಗಲೆಲ್ಲ ಮೊದಲು ಅಂಗೈಯನ್ನು ಅಲ್ಲಿಟ್ಟು, ಕಣ್ಣು ಮುಚ್ಚಿ, ಸರಿಯಿದೆ ಎಂಬಂತೆ ತಲೆಯಾಡಿಸುತ್ತಿದ್ದನಂತೆ. ಪಂಪಿನ ಮೇಲೆ ಕೈಯಿಟ್ಟೇ ಅದರ ಆರೋಗ್ಯ ಹೇಳುವ ಕೆಲಸ ಅವನದು.

ಇದನ್ನೆಲ್ಲ ನನಗೆ ಹೇಳಿದವಳು ಶೀಲಾ. ಸಂಜೆ ನಮ್ಮ ಮನೆಗೆ ಬಂದು ಸುಮ್ಮನೆ ಕೂಡುತ್ತಿದ್ದಳು. ಒಂದು ದಿನ ಅಂದಳು:

"ಅಕ್ಕೋರ, ಮನ್ಯಾಗ ಎಲ್ಲಾರೂ ನನ್ನ ಸುದ್ದಿ ಮಾತಾಡ್ತಾರ್ರಿ. ನನ್ನ ಜೋಡಿ ಯಾರೂ ಮಾತಾಡಂಗಿಲ್ಲ. ಮಷೀನಿನ ಮುಂದ ನಾಕ ತಾಸು ಮಲಗಿದಾಗರ ಅದು ಸಪ್ಪಳ ಮಾಡತೈತಿ. ಮನ್ಯಾಗ ಅದೂ ಇಲ್ಲ."

ಶಿಕ್ಷಕಿಯಾದ ನಾನು ಏನಾದರೂ ಉತ್ತರ ಕೊಡಬೇಕಿತ್ತು. ಚಹಾ ಕುಡೀತಿಯೇನು ಎಂದು ಕೇಳಿದೆ. ಅವಳಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದು ಮರೆತೇ ಹೋಗಿತ್ತು. ಆ ಎಡಗೈಗೆ ಗಡಿಯಾರ ಕಟ್ಟಬಾರದು, ಬಿಗಿಯಾದ ತೋಳಿನ ಕುಪ್ಪಸ ಹಾಕಬಾರದು, ಆ ಮಗ್ಗುಲಿಗೆ ಮಲಗಬಾರದು, ಅದುಮಿದರೆ ಹರಿವು ನಿಂತುಹೋಗುತ್ತದೆ ಎಂದು ಹೇಳಿದ್ದೂ ಅವಳೇ. ಅಂದರೆ ನನಗೆ ಗೊತ್ತಿತ್ತು. ಇದನ್ನು ಇಲ್ಲೇ ಬರೆದುಬಿಡುತ್ತೇನೆ.

ಹೋದ ವರ್ಷ ಮಾಘದಲ್ಲಿ ಮದುವೆ ಗೊತ್ತಾಯಿತು. ಪ್ರವೀಣಕುಮಾರನ ತಾಯಿ ಒಪ್ಪಿದಳು, ಆದರೆ ಒಂದು ಮಾತು ಹಾಕಿದಳು: ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವವರೆಗೆ ಬಂಧುಬಳಗಕ್ಕೆ ರೋಗದ ಸುದ್ದಿ ತಿಳಿಯಬಾರದು. ಸಿದ್ದಲಿಂಗವ್ವನಿಗೂ ಅದೇ ಬೇಕಿತ್ತು. ಪ್ರವೀಣಕುಮಾರನಿಗೆ ಇಷ್ಟವಿರಲಿಲ್ಲ. ಎರಡು ದಿನದ ಮಾತು ಬಿಡು ಎಂದು ಎಲ್ಲರೂ ಸೇರಿ ಅವನ ಬಾಯಿ ಮುಚ್ಚಿಸಿದರು.

ಮದುವೆಯ ಹಿಂದಿನ ದಿನ ಅಮಾತೆಪ್ಪನ ಮನೆಯಲ್ಲಿ ಅರಿಷಿಣ. ಬೆಳಿಗ್ಗೆಯೇ ರಾಮಥಾಳದ ಬೀಗರ ಹೆಂಗಸರು ಬಂದು ಪಡಸಾಲೆ ತುಂಬಿದ್ದರು. ಹುಡುಗಿಯ ಮೈಗೆ ಅರಿಷಿಣ ಮೆತ್ತಿದರು. ಸಿದ್ದಲಿಂಗವ್ವ ಎಡಗೈಗೆ ಮಾತ್ರ ತಾನೇ ದಪ್ಪಗೆ ಹಚ್ಚಿ ಮಣಿಕಟ್ಟಿನ ಗಾಯದ ಗೆರೆ ಕಾಣದಂತೆ ಮಾಡಿದಳು. ಆಮೇಲೆ ಮೌಲಾಬಿ ಗಂಟು ಬಿಚ್ಚಿದಳು.

"ಎರಡೂ ಕೈ ತುಂಬ ಇಡು ಮೌಲಾಬಿ. ಒಂದೂ ಕಡಿಮಿ ಆಗಬಾರದು," ಎಂದಳು ಸಿದ್ದಲಿಂಗವ್ವ.

ಶೀಲಾ ನನ್ನ ಕಡೆ ನೋಡಿದಳು. ನಾನು ಮಾತಾಡಲಿಲ್ಲ. ಶುಭದ ಹೊತ್ತು, ಬೀಗರು ಕೂತಿದ್ದಾರೆ, ಒಂದು ದಿನ ಬಳೆ ಇದ್ದರೆ ಏನಾಗುತ್ತದೆ ಎಂದು ಮನಸ್ಸಿನಲ್ಲೇ ವಾದ ಮಾಡಿಕೊಂಡು ಕಣ್ಣು ಬೇರೆ ಕಡೆ ತಿರುಗಿಸಿದೆ. ಶೀಲಾ ತಾನಾದರೂ ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೆಂದು ಆಮೇಲೆ ಕೇಳಿದಾಗ ಅವಳು ಕೊಟ್ಟ ಉತ್ತರ ಇದು: "ಒಂದ ದಿನ ಎಲ್ಲಾರ ಹಂಗ ಕಾಣಬೇಕನಿಸ್ತ್ರಿ ಅಕ್ಕೋರ."

ಬಲಗೈ ಮುಗಿಸಿ ಎಡಗೈ ಹಿಡಿದ ಮೌಲಾಬಿ ಗಕ್ಕನೆ ತಡೆದಳು. ಹೆಬ್ಬೆರಳನ್ನು ಮಣಿಕಟ್ಟಿನ ಮೇಲೆ ಹಾಗೇ ಇಟ್ಟುಕೊಂಡು ಕೇಳಿದಳು:

"ಏನವ್ವಾ ಇದು? ಕೈಯಾಗ ಜೇನ ಸಾಕಿಯೇನು?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

"ಹುಡುಗಿ ಹೆದರ್ಯಾಳ. ನರ ಬಡಕೊಳ್ಳಾಕತ್ತಾವ. ನೀ ಇಡು," ಎಂದು ಸಿದ್ದಲಿಂಗವ್ವ ನಗುತ್ತಲೇ ಸುಳ್ಳು ಹೇಳಿದಳು.

ಮೌಲಾಬಿ ನಂಬಿದಳು. ಹೆದರಿದ ಮದುಮಕ್ಕಳನ್ನು ಎಷ್ಟು ಕಂಡವಳೋ ಅವಳು! ಅತ್ತೆಯ ಬಗ್ಗೆ ಒಂದು ಚೇಷ್ಟೆಯ ಮಾತು ಹೇಳಿ, ಒಂದರ ಹಿಂದೊಂದು ಹದಿಮೂರು ಬಳೆ ಏರಿಸಿದಳು. ಅವಳ ಹೆಮ್ಮೆಯ ಪ್ರಕಾರವೇ ಏರಿಸಿದಳು. ಚರ್ಮ ಕಚ್ಚಿ ಹಿಡಿದವು.

ಆಮೇಲೆ ನಮ್ಮೆಲ್ಲರ ಸರದಿ. ಮೂವತ್ತು ಹೆಂಗಸರಾದರೂ ಇದ್ದೆವು. ಶೀಲಾ ಹಿಂದಿನ ರಾತ್ರಿಯಿಂದ ಉಪವಾಸ, ಹಸೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಅಷ್ಟು ಗದ್ದಲದ ನಡುವೆ ಅವಳ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಎರಡು ತಾಸಿನ ಮೇಲೆ ಮೌಲಾಬಿ ಗಂಟು ಕಟ್ಟಿ ಎದ್ದಾಗ ಹುಡುಗಿ ಕಾಲಿಗೆ ಬಿದ್ದಳು. ಎತ್ತುವುದಕ್ಕೆಂದು ಮೌಲಾಬಿ ಅವಳ ಎರಡೂ ಕೈ ಹಿಡಿದಳು. ಹಿಡಿದವಳು ಬಿಡಲಿಲ್ಲ. ಎಡಗೈಯ ಬಳೆಗಳ ಸಂದಿಯಲ್ಲಿ ಬೆರಳು ತೂರಿಸಿ ಮೆಲ್ಲಗೆ ಕೇಳಿದಳು:

"ಆವಾಗ ಗುಂಯ್ ಅಂತಿತ್ತಲ್ಲವ್ವಾ. ಈಗ ಯಾಕ ಸುಮ್ಮನಾತು? ಕೈ ತಣ್ಣಗ ಆಗೇತಿ."

ಶೀಲಾ ಬಲಗೈ ಬೆರಳಿಟ್ಟು ಹುಡುಕಿದಳು. ಮತ್ತೆ ಹುಡುಕಿದಳು. ಅರಿಷಿಣದ ಕೆಳಗೆ ಅವಳ ಮುಖದ ಬಣ್ಣ ಹೋಗುವುದು ನನಗೆ ಕಾಣಿಸಿತು.

"ಅಕ್ಕೋರ, ನಿಂತೈತಿ," ಎಂದಳು.

ಆಗ ನನ್ನ ಬಾಯಿ ಬಿಚ್ಚಿತು. ಎರಡು ತಾಸು ತಡವಾಗಿ. ಹುಡುಗಿಯನ್ನೂ ಮೌಲಾಬಿಯನ್ನೂ ಒಳಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿ ಮೌಲಾಬಿಗೆ ಎಲ್ಲ ಹೇಳಿದೆ. ಹರಿವು ನಿಂತರೆ ಯಂತ್ರಕ್ಕೆ ಹಚ್ಚಲು ದಾರಿಯಿಲ್ಲ, ಯಂತ್ರವಿಲ್ಲದಿದ್ದರೆ ಹುಡುಗಿಯೇ ಇಲ್ಲ. ಹಿಂದೆಯೇ ಬಂದ ಸಿದ್ದಲಿಂಗವ್ವ ಸೋಪು ತಂದಳು, ಎಣ್ಣೆ ತಂದಳು. ಕೈ ಊದಿಕೊಂಡಿತ್ತು. ಒಂದು ಬಳೆಯೂ ಕದಲಲಿಲ್ಲ. ಮೌಲಾಬಿ ನನ್ನ ಮುಖ ನೋಡಿದಳು, ಇನ್ನು ಒಡೆಯುವುದೇ ಎನ್ನುವಂತೆ.

"ಬ್ಯಾಡ!" ಎಂದಳು ಸಿದ್ದಲಿಂಗವ್ವ. "ನಾಳೆ ಅಕ್ಕಿಕಾಳು. ಹೊರಗ ಬೀಗರು ಕುಂತಾರ. ಹುನಗುಂದಕ್ಕ ಒಯ್ಯೂಣು, ಡಾಕ್ಟರು ಏನರ ಮಾಡ್ತಾರ. ಅರಿಷಿಣದ ಮೈಮ್ಯಾಲೆ ಹಸರ ಬಳಿ ಒಡೆದ್ರ ಆ ಹುಡುಗನ ಗತಿ ಏನು?"

ಹೊರಗಿನವರಿಗೆ ಇದು ಹುಚ್ಚೆನಿಸಬಹುದು. ನಮ್ಮಲ್ಲಿ ಬಳೆ ತಾನಾಗಿ ಒಡೆದರೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಹೆಂಗಸಿನ ಕೈಯ ಹಸಿರು ಬಳೆಯನ್ನು ಬೇಕೆಂದೇ ಒಡೆಯುವುದು ಗಂಡ ಸತ್ತ ದಿನ ಮಾತ್ರ. ಮೌಲಾಬಿಗೂ ಅದು ಗೊತ್ತು. ಅವಳ ಕೈಯ ಬಳೆಯನ್ನೂ ಹತ್ತು ವರ್ಷದ ಹಿಂದೆ ಯಾರೋ ಹಾಗೆಯೇ ಒಡೆದಿದ್ದರು. ಹುನಗುಂದ ಮುಕ್ಕಾಲು ತಾಸಿನ ದಾರಿ. ಮೌಲಾಬಿ ತಾಯಿಯ ಕಡೆ ನೋಡಲಿಲ್ಲ, ಮಗಳ ಎದುರು ನೆಲಕ್ಕೆ ಕೂತಳು.

"ಯವ್ವಾ, ಕೈ ನಿಂದು. ನೀ ಹೇಳು."

"ಒಡಿ ಆಯಿ," ಎಂದಳು ಶೀಲಾ.

ಮೌಲಾಬಿ ಹುಡುಗಿಯ ಚರ್ಮಕ್ಕೂ ಬಳೆಗೂ ನಡುವೆ ತನ್ನ ಎಡಗೈಯ ಎರಡು ಬೆರಳ ತುದಿ ಹೇಗೋ ತುರುಕಿದಳು. ಒಂದೊಂದೇ ಬಳೆ ಹಿಡಿದು ಬಲಗೈಯಿಂದ ಮುರಿದಳು. ಟಪ್. ಟಪ್. ಪಡಸಾಲೆಯ ಗದ್ದಲ ನಿಂತಿತು. ಬಳೆ ಮುರಿಯುವ ಸದ್ದು ಎಂಥ ಮಾತಿನ ನಡುವೆಯೂ ಹೆಂಗಸರ ಕಿವಿಗೆ ಬೀಳುತ್ತದೆ. ಯಾರೋ ಬಾಗಿಲು ನೂಕಿದರು, ಯಾರೋ ಸತ್ತ ಮನೆಯಲ್ಲಿ ಅಳುವಂತೆ ಅಳತೊಡಗಿದರು. ಮೌಲಾಬಿ ತಲೆಯೆತ್ತಲಿಲ್ಲ. ಹದಿಮೂರೂ ಮುಗಿದಾಗ ಹುಡುಗಿಯ ಕೈಗೆ ಒಂದು ಗೀರೂ ಬಿದ್ದಿರಲಿಲ್ಲ. ಮೌಲಾಬಿಯ ಬೆರಳುಗಳಿಂದ ರಕ್ತ ಸುರಿದು ಹುಡುಗಿಯ ಹಳದಿ ಸೀರೆಯ ಮೇಲೆ ಬಿದ್ದಿತ್ತು. ಬಾಗಿಲಲ್ಲಿ ನಿಂತವರು ಆ ರಕ್ತ ಹುಡುಗಿಯದೆಂದೇ ತಿಳಿದರು.

ನಾನು ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ತಂದೆ. ಮೌಲಾಬಿ ಹುಡುಗಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳು ಮಣಿಕಟ್ಟಿಗೆ ಹಚ್ಚಿ ಕೂತಳು. ಏನೂ ಇಲ್ಲ. ಎಷ್ಟು ಹೊತ್ತು ಕೂತಿದ್ದೆವೋ ಲೆಕ್ಕವಿಲ್ಲ. ನಾನು ಬಸವಣ್ಣನನ್ನು ನೆನೆದೆ, ಅವಳು ತನ್ನ ದೇವರನ್ನು ನೆನೆದಿರಬೇಕು, ತುಟಿ ಅಲುಗುತ್ತಿದ್ದವು. ಕಡೆಗೆ ಅವಳ ತುಟಿ ನಿಂತವು.

"ಬಂತು," ಎಂದಳು. "ಸಣ್ಣಗ ಐತಿ. ಬಂತು."

ಶೀಲಾ ಅವಳ ಹೆಗಲ ಮೇಲೆ ಬಿದ್ದು ಅತ್ತಳು. ಆ ಅಳು ಮುಗಿಯುವ ಮೊದಲೇ ಸಿದ್ದಲಿಂಗವ್ವ ಮಗಳನ್ನು ಎಳೆದುಕೊಂಡಳು.

"ಮುಂಡಿ ಕೈ ಮುಂಡಿ ಕೈನ. ನಿನ್ನ ಕರದದ್ದು ನನ್ನ ತಪ್ಪು. ನಾಳೆ ಈ ಕಡೆ ಹಾಯಬ್ಯಾಡ," ಎಂದಳು.

ಸುಳ್ಳು ಹೇಳಿದವಳು ತಾಯಿ. ಗೊತ್ತಿದ್ದೂ ಸುಮ್ಮನಿದ್ದವಳು ನಾನು. ಬೈಸಿಕೊಂಡವಳು ಮೌಲಾಬಿ ಒಬ್ಬಳೇ. ಅವಳು ಬೆರಳಿಗೆ ಸೆರಗು ಸುತ್ತಿಕೊಂಡು, ಗಂಟು ಹೆಗಲಿಗೇರಿಸಿ, ಬೀಗರ ಹೆಂಗಸರು ಸರಿದು ಬಿಟ್ಟ ದಾರಿಯಲ್ಲಿ ಹೋದಳು. ಆ ದಾರಿ ಬೇಕಾದ್ದಕ್ಕಿಂತ ಅಗಲವಾಗಿತ್ತು. ನಾನು ಹಿಂದೆ ಹೋಗಲಿಲ್ಲ. ಹುಡುಗಿಯನ್ನು ಹುನಗುಂದಕ್ಕೆ ಒಯ್ಯಬೇಕಿತ್ತು ಎಂಬ ನೆಪ ನನಗಿತ್ತು. ಅಲ್ಲಿ ಪರೀಕ್ಷೆ ಮಾಡಿದ ಡಾಕ್ಟರು, ಇನ್ನೊಂದು ಅರ್ಧ ತಾಸು ತಡೆದಿದ್ದರೆ ಈ ಕೈ ಮುಚ್ಚಿಹೋಗುತ್ತಿತ್ತು ಎಂದರು.

ಮರುದಿನ ಮದುವೆ ನಡೆಯಿತು. ಮದುಮಗಳ ಬಲಗೈ ತುಂಬ ಹಸಿರು, ಎಡಗೈ ಬೋಳು. ನೋಡದವರಿಲ್ಲ. ಹಸೆಯ ಹತ್ತಿರವೇ ಕೂತಿದ್ದ ರಾಮಥಾಳದ ಒಬ್ಬ ಮುದುಕಿ ಗಟ್ಟಿಯಾಗಿ ಕೇಳಿಯೇಬಿಟ್ಟಳು: "ಹುಡುಗಿ ಎಡಗೈ ಯಾಕ ಖಾಲಿ ಬಿಟ್ಟೀರಿ?"

ಉತ್ತರ ಕೊಟ್ಟವನು ಮದುಮಗ. "ಆ ಕೈಯಾಗ ಅಕಿ ಜೀವ ಐತ್ಯಮ್ಮಾ. ಅಕಿ ಎರಡೂ ಕಿಡ್ನಿ ಹೋಗ್ಯಾವ. ವಾರಕ್ಕ ಎರಡ ಸಲ ಆ ಕೈಗೆ ಸೂಜಿ ಚುಚ್ಚಿ ರಕ್ತ ತೊಳಿತಾರ. ಅಲ್ಲಿ ಬಳಿ ಇಡಂಗಿಲ್ಲ."

ಅವನ ತಾಯಿ ಮುಖದ ಮೇಲೆ ಸೆರಗೆಳೆದುಕೊಂಡಳು. ಅಕ್ಕಿಕಾಳು ಬಿದ್ದವು, ತಾಳಿ ಕಟ್ಟಿದ. ಕಟ್ಟಿದವನೇ ಅವಳ ಎಡಗೈ ಹಿಡಿದು, ಮಣಿಕಟ್ಟಿನ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿದ. ಆಮೇಲೆ ಅವಳ ಕಡೆ ನೋಡಿ ತಲೆಯಾಡಿಸಿದ. ಫೋಟೋದವನಿಗೆ ಅದು ಬಹಳ ಚೆನ್ನಾಗಿ ಕಂಡು, ಇನ್ನೊಮ್ಮೆ ಮಾಡ್ರಿ ಎಂದ. ಶೀಲಾ ನಕ್ಕಳು. ಒಂದು ವರ್ಷದಲ್ಲಿ ಅವಳು ಹಲ್ಲು ಕಾಣುವಂತೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಊಟದ ಪಂಕ್ತಿಯಿಂದ ಕೆಲವರು ಎದ್ದು ಹೋದರು, ಹೆಚ್ಚಿನವರು ಕೂತು ಉಂಡರು. ಬಳಗದ ಭಯ ಅಷ್ಟರಲ್ಲೇ ಮುಗಿಯಿತು. ಇಷ್ಟಕ್ಕಾಗಿ ಹುಡುಗಿಯ ಜೀವ ಪಣಕ್ಕಿಟ್ಟಿದ್ದೆವು.

ಶೀಲಾ ಈಗ ಗಂಡನ ಜೊತೆ ಮರೋಳದಲ್ಲಿದ್ದಾಳೆ. ಸೋಮವಾರ, ಗುರುವಾರ ತಪ್ಪುವುದಿಲ್ಲ. ಯಾರದಾದರೂ ಕಿಡ್ನಿ ಸಿಗಲಿ ಎಂದು ಹೆಸರು ಬರೆಸಿದ್ದಾರೆ. ಒಮ್ಮೆ ಮೌಲಾಬಿಯನ್ನು ನೋಡಲು ಹೊರಟಿದ್ದಳಂತೆ, ಸಿದ್ದಲಿಂಗವ್ವ ಆಣೆ ಹಾಕಿ ತಡೆದಳು.

ಮೌಲಾಬಿಯನ್ನು ಆಮೇಲೆ ಯಾರೂ ಕರೆಯಲಿಲ್ಲ. ಯಾರೂ ಜಗಳ ಮಾಡಲಿಲ್ಲ, ಬೈಯಲೂ ಇಲ್ಲ, ಕರೆಯಲಿಲ್ಲ ಅಷ್ಟೆ. ಸೀಮಂತಕ್ಕೆ ಇಳಕಲ್ಲಿನ ಅಂಗಡಿಯಿಂದ ಡಬ್ಬಿಯಲ್ಲಿ ಬಳೆ ಬಂದವು. ಮದುವೆಗೆ ಅಮೀನಗಡದಿಂದ ಬೇರೆ ಬಳೆಗಾರ ಬಂದ. ಅವಳು ಗಂಟು ಕಟ್ಟಿಕೊಂಡು ಓಣಿಯಲ್ಲಿ ಬಂದರೆ ಹೆಂಗಸರು ಕೆಲಸ ನೆನಪಾದಂತೆ ಒಳಗೆ ಹೋಗುತ್ತಿದ್ದರು. ಮಧ್ಯಾಹ್ನ ನಮ್ಮ ಕಟ್ಟೆಗೆ ಮಾತ್ರ ಬಂದು ಕೂಡುತ್ತಿದ್ದಳು. ಬಂದಾಗಲೆಲ್ಲ ಕೇಳುತ್ತಿದ್ದುದು ಒಂದೇ: "ಅಕ್ಕೋರ, ಆ ಹುಡುಗಿ ಕೈ ಈಗ ಹೆಂಗೈತ್ರಿ?"

ನಾನು ಊರನ್ನು ಬೈಯುತ್ತಿದ್ದೆ. ಇವರಿಗೆ ಬುದ್ಧಿ ಇಲ್ಲ, ಜೀವ ಉಳಿಸಿದವಳನ್ನು ಹೀಗೆ ನಡೆಸಿಕೊಳ್ಳುತ್ತಾರಲ್ಲ ಎಂದು ಅವಳೆದುರು ಭಾಷಣ ಮಾಡುತ್ತಿದ್ದೆ. ಅವಳು ಕೇಳುತ್ತಿದ್ದಳು.

ಈ ವೈಶಾಖದಲ್ಲಿ ನನ್ನ ಮಗಳು ಭಾಗ್ಯಜ್ಯೋತಿಯ ಮದುವೆ. ಮೌಲಾಬಿಯನ್ನು ಕರೆಸುವುದೆಂದು ನಾನು ನಿಶ್ಚಯಿಸಿದ್ದೆ. ನಮ್ಮತ್ತೆ, ಯಾಕೆ ಬೇಕು ಬಿಡು ಎಂದರು. ಯಜಮಾನರು ಪೇಪರಿನಿಂದ ತಲೆಯೆತ್ತದೆ, ನಿನಗೆ ತಿಳಿದಂತೆ ಮಾಡು ಎಂದರು. ತಡೆದವರು ಯಾರೂ ಇಲ್ಲ. ಬಳೆ ಇಡಿಸುವ ಹಿಂದಿನ ದಿನ ನಾನೇ ಇಳಕಲ್ಲಿಗೆ ಹೋಗಿ ಅಂಗಡಿಯಲ್ಲಿ ಎರಡು ಡಬ್ಬಿ ಹಸಿರು ಬಳೆ ಕಟ್ಟಿಸಿಕೊಂಡು ಬಂದೆ. ಮಗಳ ಮುಖ ಕಣ್ಣ ಮುಂದೆ ಬಂತು, ಹೆದರಿದೆ. ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಮದುವೆಯಾದ ಮೂರನೆಯ ದಿನ ಒಂದು ತಟ್ಟೆಯಲ್ಲಿ ಮದುವೆಯ ಸಿಹಿ ಮಾದಲಿ ಹಾಕಿಕೊಂಡು, ಮೇಲೊಂದು ಬಟ್ಟೆ ಮುಚ್ಚಿ, ಅವಳ ಮನೆಗೆ ಹೋದೆ. ಮೌಲಾಬಿ ಒಬ್ಬಳೇ ಹೊಸ್ತಿಲಲ್ಲಿ ಕೂತಿದ್ದಳು. ತಟ್ಟೆ ಇಸಿದುಕೊಂಡಳು, ಭಾಗ್ಯಜ್ಯೋತಿ ಹೇಗಿದ್ದಾಳೆ, ಅಳಿಯ ಹೇಗೆ ಎಂದು ಕೇಳಿದಳು. ಎಲ್ಲದಕ್ಕೂ ಉತ್ತರ ಕೊಟ್ಟೆ. ಇನ್ನು ಅವಳು ಕೇಳುವುದು ಒಂದೇ ಉಳಿದಿತ್ತು, ತನ್ನನ್ನು ಯಾಕೆ ಕರೆಯಲಿಲ್ಲವೆಂದು. ಅದನ್ನು ಅವಳು ಕೇಳಲಿಲ್ಲ. ನಾನೇ ತಡೆಯಲಾರದೆ, "ಮೌಲಾಬಿ, ನಾ ನಿನ್ನ..." ಎಂದು ಶುರು ಮಾಡಿದೆ.

"ಇರ್ಲಿ ಬಿಡ್ರಿ ಅಕ್ಕೋರ," ಎಂದಳು. "ನನಗೂ ಒಬ್ಬಾಕಿ ಮಗಳಿದ್ದಿದ್ರ, ಅಕಿ ಮದುವಿಗೆ ನಾನೂ ನನ್ನ ಕರೀತಿದ್ದಿಲ್ಲ."

ಹಾಗೆನ್ನಬೇಡ ಎಂದು ನಾನು ಹೇಳಬೇಕಿತ್ತು. ಹೇಳಿದರೆ ಸುಳ್ಳಾಗುತ್ತಿತ್ತು. ಅವಳು ಮಾದಲಿಯನ್ನು ತನ್ನ ಪಾತ್ರೆಗೆ ಸುರಿದುಕೊಂಡು, ತಟ್ಟೆ ತೊಳೆದು, ಒರೆಸಿ ಕೊಟ್ಟಳು. ತಟ್ಟೆ ಹಿಡಿದುಕೊಂಡು ನಾನು ಮನೆಗೆ ಬಂದೆ.